ಉಪವಾಸ ಮಾಡೋದು, ಉಪವಾಸ ಮಲಗೋದು: ತರಗತಿಯಲ್ಲಿ ಹಸಿವಿನ ಪಾಠ

ಕೆಲವು ವರ್ಷಗಳ ಹಿಂದೆ ನನ್ನ ಪದವಿ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಬಡತನದ ಪಾಠ ನಡೆಯುತ್ತಿತ್ತು. ಪುಸ್ತಕದಲ್ಲಿರುವ ನಾಲ್ಕು ವ್ಯಾಖ್ಯಾನ ಬರೆಸಿ ಮುಗಿಸುವುದಕ್ಕೆ ನನಗೆ ಮನಸ್ಸಿರಲಿಲ್ಲ. "ನಾಳೆ ಬೆಳಿಗ್ಗೆ ತಿಂಡಿ ತಿನ್ನಬೇಡಿ. ಮಧ್ಯಾಹ್ನದವರೆಗೆ ಹಾಗೇ ಇರಿ. ಮೈಯಲ್ಲಿ, ಮನಸ್ಸಲ್ಲಿ ಏನೇನಾಗುತ್ತೆ ಅಂತ ಗಮನಿಸಿ ಒಂದು ಪುಟ ಬರೆದು ತನ್ನಿ" ಅಂದೆ.

ಮಕ್ಕಳು ಚೆನ್ನಾಗಿಯೇ ಬರೆದು ತಂದರು. ಒಬ್ಬಳಿಗೆ ತಲೆನೋವು ಬಂದಿತ್ತು. ಒಬ್ಬನಿಗೆ ಹತ್ತೂವರೆಗೆಲ್ಲ ಸಿಟ್ಟು ಬಂದು ಗೆಳೆಯನ ಜೊತೆ ಜಗಳ ಆಗಿತ್ತು. ಬಸ್ ಸ್ಟ್ಯಾಂಡಿನ ಬೋಂಡಾ ವಾಸನೆ ಯಾವತ್ತೂ ಅಷ್ಟು ಜೋರಾಗಿ ಮೂಗಿಗೆ ಬಡಿದಿರಲಿಲ್ಲ ಅಂತ ಮೂರು ನಾಲ್ಕು ಜನ ಬರೆದಿದ್ದರು. ಒಂದು ಹಾಳೆಯಲ್ಲಿ ಮಾತ್ರ ಇಷ್ಟೇ ಇತ್ತು: "ಮೇಡಂ, ನಮ್ಮೂರಿಂದ ಮೊದಲನೇ ಬಸ್ಸು ಆರೂಮುಕ್ಕಾಲಿಗೆ. ಅಷ್ಟೊತ್ತಿಗೆ ಮನೇಲಿ ಒಲೆ ಹಚ್ಚಿರಲ್ಲ. ನಾನು ದಿನಾ ಹೀಗೇ ಬರೋದು. ಅದಕ್ಕೆ ಹೊಸದಾಗಿ ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ."

ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಹಸಿವು ಅನ್ನೋದು ಎಲ್ಲೋ ಹೊರಗಿದೆ, ಅದನ್ನು ನಾನು ತರಗತಿಯೊಳಗೆ ಕರೆದುಕೊಂಡು ಬರಬೇಕು ಅಂತ ಅಂದುಕೊಂಡಿದ್ದೆ. ಅದು ನನಗಿಂತ ಮೊದಲೇ ಬಂದು ಮೂರನೇ ಬೆಂಚಿನಲ್ಲಿ ಕೂತಿತ್ತು.

ನಮ್ಮ ಭಾಷೆಗೆ ಈ ವ್ಯತ್ಯಾಸ ಮೊದಲಿನಿಂದಲೂ ಗೊತ್ತು. ಏಕಾದಶಿಗೆ, ಶಿವರಾತ್ರಿಗೆ, ಸೋಮವಾರಕ್ಕೆ ನಾವು ಉಪವಾಸ 'ಮಾಡುತ್ತೇವೆ'. ಕೂಲಿ ಸಿಗದ ದಿನ ಜನ ಉಪವಾಸ 'ಮಲಗುತ್ತಾರೆ'. ಎರಡು ಕಡೆಯೂ ಹೊಟ್ಟೆ ಖಾಲಿ. ಹೆಸರೂ ಒಂದೇ. ಕ್ರಿಯಾಪದ ಮಾತ್ರ ಬೇರೆ. ಒಂದನ್ನು ನಾವೇ ಆರಿಸಿಕೊಂಡದ್ದು, ಇನ್ನೊಂದು ಮೇಲೆ ಬಂದು ಬಿದ್ದದ್ದು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಬಡತನದ ಬಗ್ಗೆ ಬರೆಯುವಾಗ ಮತ್ತೆ ಮತ್ತೆ ಇದೇ ಉದಾಹರಣೆಗೆ ಬರುತ್ತಾರೆ. ವ್ರತಕ್ಕೆ ಕೂತವರ ಮೈಯೊಳಗೆ ಹೋದ ಅನ್ನವೂ, ಊಟ ಸಿಗದವರ ಮೈಯೊಳಗೆ ಹೋದ ಅನ್ನವೂ ಅಳತೆಯಲ್ಲಿ ಒಂದೇ ಇರಬಹುದು. ಆದರೆ ವ್ರತದವರಿಗೆ 'ಬೇಕೆಂದರೆ ಉಣ್ಣಬಹುದು' ಅನ್ನುವ ದಾರಿ ತೆರೆದಿದೆ. ಆ ದಾರಿ ಇದೆಯೋ ಇಲ್ಲವೋ ಅನ್ನುವುದನ್ನು ನೋಡದೆ ಬಡತನವನ್ನು ಅಳೆಯಬಾರದು ಅನ್ನುವುದು ಅವರ ವಾದ.

ನಾನು ಮಕ್ಕಳಿಗೆ ಕೊಟ್ಟದ್ದು ಮಾಡುವ ಉಪವಾಸ. ಕಲಿಸಲು ಹೊರಟದ್ದು ಮಲಗುವ ಉಪವಾಸ.

ಹಾಗಾದರೆ ಸುಮ್ನೆ ಕೂತು, ಗಮನ ಕೊಟ್ಟು, ಒಳಗೆ ನೋಡಿಕೊಳ್ಳುವ ಅಭ್ಯಾಸಗಳಿಂದ ಹಸಿವಿನ ಬಗ್ಗೆ ಏನೂ ಕಲಿಯಲು ಆಗುವುದಿಲ್ಲವೇ? ಆಗುತ್ತದೆ ಅಂತಲೇ ನಾನು ನಂಬಿದ್ದೇನೆ. ಆದರೆ ನಾನು ಮೊದಲು ಅಂದುಕೊಂಡದ್ದನ್ನಲ್ಲ.

ಒಂದು ಒಣದ್ರಾಕ್ಷಿ, ಒಂದು ಕಡಲೆಕಾಯಿ

ಪಾಠದ ನಡುವೆ ಸ್ವಲ್ಪ ಹೊತ್ತು ಮೌನ, ಉಸಿರಿನ ಕಡೆ ಗಮನ, ನಿಧಾನವಾಗಿ ಓದುವುದು, ನಿಧಾನವಾಗಿ ತಿನ್ನುವುದು, ಮನಸ್ಸಿಗೆ ಬಂದದ್ದನ್ನು ಬರೆದಿಡುವುದು, ಇವನ್ನೆಲ್ಲ ಕಲಿಕೆಯ ಭಾಗವಾಗಿ ಮಾಡಿಕೊಳ್ಳುವ ಒಂದು ಪದ್ಧತಿ ಇದೆ. ಅಮೆರಿಕದ ಕಾಲೇಜುಗಳಲ್ಲಿ 1990ರ ದಶಕದಿಂದ ಇದು ಜೋರಾಗಿ ಬೆಳೆಯಿತು. ಇತಿಹಾಸ, ಭೌತಶಾಸ್ತ್ರ, ಕಾನೂನು ಕಲಿಸುವವರೂ ತಮ್ಮ ಪಾಠಕ್ಕೆ ಇದನ್ನು ತಂದರು. ಹಿಂದಿರುವ ಯೋಚನೆ ಸರಳ. ಒಂದು ವಿಷಯವನ್ನು ಹೊರಗಿನಿಂದ ಓದುವುದು ಒಂದು. ಓದುತ್ತಿರುವ ನನ್ನೊಳಗೆ ಆ ವಿಷಯ ಏನು ಮಾಡುತ್ತಿದೆ ಅಂತ ನೋಡುವುದು ಇನ್ನೊಂದು. ಎರಡೂ ಬೇಕು.

ನಮ್ಮಲ್ಲೂ ಇದು ಹೊಸದಲ್ಲ. ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳು ಸಂಜೆ ಹೊತ್ತು ಮಾತಿಲ್ಲದೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಅದಕ್ಕೆ ಅಲ್ಲಿ ಅಸ್ತಾಚಲ ಅಂತ ಹೆಸರು. 2018ರಲ್ಲಿ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ಸಂತೋಷದ ಪಠ್ಯಕ್ರಮದಲ್ಲೂ ಕೆಲವು ನಿಮಿಷದ ಗಮನದ ಅಭ್ಯಾಸ ಇತ್ತು.

ಊಟಕ್ಕೆ ಸಂಬಂಧಿಸಿದ ಅಭ್ಯಾಸಗಳಲ್ಲಿ ಜಾಸ್ತಿ ಹೆಸರು ಮಾಡಿದ್ದು ಒಣದ್ರಾಕ್ಷಿಯದು. ಜಾನ್ ಕಬಾಟ್-ಜಿನ್ ಅನ್ನುವವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ವಾಸಿಯಾಗದ ನೋವಿನಿಂದ ಬಳಲುವವರಿಗಾಗಿ ಕೆಲವು ವಾರಗಳ ತರಗತಿ ಶುರು ಮಾಡಿದರು. ಅದರ ಮೊದಲ ದಿನದ ಪಾಠವೇ ಇದು. ಕೈಯಲ್ಲಿ ಒಂದೇ ಒಂದು ಒಣದ್ರಾಕ್ಷಿ. ಅದನ್ನು ಈ ಮೊದಲು ಕಂಡೇ ಇಲ್ಲ ಅನ್ನುವಂತೆ ನೋಡಬೇಕು, ಮುಟ್ಟಬೇಕು, ಮೂಸಬೇಕು. ನಾಲಿಗೆ ಮೇಲೆ ಇಟ್ಟು ತಡೆಯಬೇಕು. ಆಮೇಲೆ ನಿಧಾನವಾಗಿ ಅಗಿಯಬೇಕು.

ನಾನು ಒಣದ್ರಾಕ್ಷಿ ಬಿಟ್ಟು ಕಡಲೆಕಾಯಿ ತಂದೆ. ನಮ್ಮ ಸೀಮೆಯದು ಅದು. ಚಳ್ಳಕೆರೆ, ಪಾವಗಡ, ಶಿರಾ ಕಡೆಯವರಿಗೆ ಅದು ತಿಂಡಿಗಿಂತ ಹೆಚ್ಚಾಗಿ ಮಳೆ ನಂಬಿದ ಬದುಕು. ಪ್ರತಿಯೊಬ್ಬರ ಕೈಗೂ ಒಂದೊಂದು ಸಿಪ್ಪೆ ಬಿಡಿಸದ ಕಾಯಿ. ಮೊದಲ ಐದು ನಿಮಿಷ ಸುಮ್ನೆ ನೋಡುವುದು. ಸಿಪ್ಪೆಯ ಮೇಲಿನ ಬಲೆಯಂಥ ಗೆರೆ, ಗೆರೆಯೊಳಗೆ ಇನ್ನೂ ಕೂತಿರುವ ಕೆಂಪು ಮಣ್ಣು, ಒತ್ತಿದಾಗ ಬರುವ ಟಪ್ ಸದ್ದು. ಹುಡುಗರು ಮೊದಲು ನಗುತ್ತಾರೆ. ಎರಡನೇ ನಿಮಿಷಕ್ಕೆ ನಗು ನಿಲ್ಲುತ್ತದೆ. ಕಾಳು ಬಾಯಿಗೆ ಬೀಳುವ ಮೊದಲೇ ಬಾಯಲ್ಲಿ ನೀರೂರುವುದು ಗೊತ್ತಾಗುತ್ತದೆ. ಒಂದು ಮುಗಿಯುವ ಮೊದಲೇ ಕೈ ಇನ್ನೊಂದಕ್ಕೆ ಹುಡುಕುವುದೂ ಗೊತ್ತಾಗುತ್ತದೆ. ದಿನಾ ಮೂರು ಹೊತ್ತು ಉಣ್ಣುವವರು ಎಷ್ಟು ಉಣ್ಣುತ್ತೇವೆ ಅನ್ನುವುದನ್ನೇ ಗಮನಿಸಿರುವುದಿಲ್ಲ. ಮೊಬೈಲ್ ನೋಡುತ್ತಾ ತಟ್ಟೆ ಖಾಲಿಯಾಗಿರುತ್ತದೆ.

ಎರಡನೇ ಭಾಗದಲ್ಲಿ ಅದೇ ಕಾಯಿಯ ಹಿಂದೆ ಹೋಗುವುದು. ಇದು ನನ್ನ ಕೈಗೆ ಬರುವ ಮೊದಲು ಎಷ್ಟು ಕೈ ದಾಟಿತು? ಬಿತ್ತಿದವರು ಯಾರು, ಕಿತ್ತವರು ಯಾರು, ಬಳ್ಳಿಯಿಂದ ಕಾಯಿ ಬಿಡಿಸಿದವರು ಯಾರು, ಅವರಿಗೆ ದಿನಗೂಲಿ ಎಷ್ಟು? ಆ ಕೂಲಿಯಲ್ಲಿ ಅವತ್ತು ರಾತ್ರಿ ಮನೆಗೆ ಏನು ಬಂತು? ಇಲ್ಲಿ ಒಂದು ಚಂದದ ಸಂಗತಿ ನಡೆಯುತ್ತದೆ. ಸದಾ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವ ಮಕ್ಕಳಲ್ಲಿ ಕೆಲವರಿಗೆ ಉತ್ತರ ಗೊತ್ತಿರುತ್ತದೆ. ಮಣ್ಣು ಒಣಗಿದ್ದರೆ ಕಾಯಿ ಕೀಳುವಾಗ ತೊಟ್ಟು ಕಡಿದು ನೆಲದಲ್ಲೇ ಉಳಿಯುತ್ತದೆ, ಆಮೇಲೆ ಕೆದಕಿ ಆರಿಸಬೇಕು ಅಂತ ಒಬ್ಬ ಹುಡುಗ ಹೇಳಿದ. ಆ ದಿನ ತರಗತಿಗೆ ಅವನೇ ಮೇಷ್ಟ್ರು.

ಆದರೆ ಈ ಅಭ್ಯಾಸದಿಂದ ಹಸಿವು ಗೊತ್ತಾಯಿತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹಸಿವು ಹೊಟ್ಟೆಯಲ್ಲಿ ಮಾತ್ರ ಇರುವುದಿಲ್ಲ

ತಿಂಡಿ ಬಿಟ್ಟರೆ ಹೊಟ್ಟೆ ಗುರ್ರ್ ಅನ್ನುತ್ತದೆ. ಹೊಟ್ಟೆಯಿಂದ ಗ್ರೆಲಿನ್ ಅನ್ನುವ ಹಾರ್ಮೋನು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ದಿನಾ ಉಣ್ಣುವ ಹೊತ್ತಿಗೆ ಸರಿಯಾಗಿ ಅದು ಏರುತ್ತದೆ, ಹೊತ್ತು ಮೀರಿದರೆ ಸ್ವಲ್ಪ ಇಳಿಯುತ್ತದೆ. ಅದಕ್ಕೇ ಊಟದ ಹೊತ್ತು ದಾಟಿದರೆ ಹಸಿವು 'ಸತ್ತುಹೋಯ್ತು' ಅನ್ನುತ್ತೇವೆ. ಒಂದು ಹೊತ್ತಿನ ಉಪವಾಸ ತೋರಿಸುವುದು ಇಷ್ಟನ್ನೇ.

ಬಹಳ ದಿನ ಅರೆಹೊಟ್ಟೆಯಲ್ಲಿ ಇದ್ದರೆ ಆಗುವುದೇ ಬೇರೆ. ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಯುದ್ಧದಿಂದ ಹಸಿದ ಯುರೋಪಿಗೆ ಮತ್ತೆ ಅನ್ನ ಕೊಡುವಾಗ ಹೇಗೆ ಕೊಡಬೇಕು ಅಂತ ತಿಳಿಯುವುದು ಉದ್ದೇಶ. ಬಂದೂಕು ಹಿಡಿಯಲು ಒಪ್ಪದ, ಆದರೆ ಸೇವೆ ಮಾಡಲು ಸಿದ್ಧರಿದ್ದ 36 ಯುವಕರು ತಾವಾಗಿ ಮುಂದೆ ಬಂದರು. 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿ. ಆಲೂಗಡ್ಡೆ, ಗೆಡ್ಡೆ, ಬ್ರೆಡ್ಡು, ಮ್ಯಾಕರೋನಿ. ದೇಹದ ತೂಕದಲ್ಲಿ ಸುಮಾರು ಕಾಲು ಭಾಗ ಕರಗಿತು.

ನನ್ನನ್ನು ತಡೆದು ನಿಲ್ಲಿಸುವುದು ಅವರ ಮನಸ್ಸಿಗೆ ಆದದ್ದು. ಅವರಿಗೆ ಊಟ ಬಿಟ್ಟು ಬೇರೆ ಯೋಚನೆ ಬರಲಿಲ್ಲ. ಅಡುಗೆ ಪುಸ್ತಕ ಸೇರಿಸಿಟ್ಟುಕೊಂಡು ಓದತೊಡಗಿದರು. ತಟ್ಟೆ ನೆಕ್ಕಿದರು. ಒಂದು ಊಟವನ್ನು ಗಂಟೆಗಟ್ಟಲೆ ಎಳೆದು ಉಂಡರು. ಬೇಸಿಗೆಯಲ್ಲೂ ಚಳಿ ಅಂದರು. ಗೆಳೆತನ, ತಮಾಷೆ, ಓದು ಒಂದೊಂದಾಗಿ ಬಿಟ್ಟುಹೋದವು. ಲೋಕಕ್ಕೆ ಒಳ್ಳೆಯದಾಗಲಿ ಅಂತ ಬಂದವರು ಪಕ್ಕದವನ ತಟ್ಟೆ ನೋಡಿ ಕೆರಳುವಂತಾದರು.

ಇಷ್ಟೆಲ್ಲ ಆದರೂ ಅವರು ತಾವಾಗಿ ಬಂದವರು. ಯಾವ ತಾರೀಕಿಗೆ ಇದು ಮುಗಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಕೂಲಿ ಮನೆಗಳಲ್ಲಿ ಮಳೆಗಾಲದ ನಡುವೆ ಕೆಲಸ ನಿಂತಾಗ ಯಾರಿಗೂ ತಾರೀಕು ಗೊತ್ತಿರುವುದಿಲ್ಲ. ರೇಷನ್ ಅಕ್ಕಿ ಎಷ್ಟು ದಿನಕ್ಕೆ ಬರುತ್ತದೆ, ಅಂಗಡಿಯವನು ಇನ್ನೂ ಎಷ್ಟು ಸಾಲ ಕೊಡುತ್ತಾನೆ, ಮಗುವಿಗೆ ಜ್ವರ ಬಂದರೆ ಏನು ಅನ್ನುವ ಲೆಕ್ಕ ತಲೆಯಲ್ಲಿ ನಿಲ್ಲದೆ ನಡೆಯುತ್ತಿರುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಳೆದು ನೋಡಿತ್ತು. ಕೊಯ್ಲಿಗೆ ಮೊದಲು ಕೈ ಬರಿದಾಗಿದ್ದಾಗ, ಕೊಯ್ಲಾದ ಮೇಲೆ ಕೈಯಲ್ಲಿ ದುಡ್ಡಿದ್ದಾಗ, ಎರಡು ಸಲ ಅದೇ ರೈತರಿಗೆ ಬುದ್ಧಿ ಓಡಿಸುವ ಪರೀಕ್ಷೆ ಕೊಟ್ಟರು. ಕೊಯ್ಲಿಗೆ ಮುಂಚೆ ಅವರೇ ಕಡಿಮೆ ಅಂಕ ತೆಗೆದರು. ಜನ ದಡ್ಡರಾಗಿರಲಿಲ್ಲ, ತಲೆಯ ತುಂಬ ಚಿಂತೆ ಕೂತಿತ್ತು.

ಹಸಿದ ಮಗು 'ಪಾಠದ ಕಡೆ ಗಮನ ಕೊಡಲ್ಲ' ಅಂತ ನಾವು ಮೇಷ್ಟ್ರುಗಳು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಗಮನ ಕೊಡುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಅದಕ್ಕೇ ಗಮನದ ಅಭ್ಯಾಸವನ್ನು ಹಸಿದ ಮಕ್ಕಳಿಗೆ ಮದ್ದು ಅಂತ ಕೊಡುವುದನ್ನು ನಾನು ವಿರೋಧಿಸುತ್ತೇನೆ. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ಬಂತು. ಶಾಲೆಯಲ್ಲಿ ಎಲ್ಲರಿಗೂ ಕಲಿಸಿದ ಗಮನದ ಪಾಠದಿಂದ ಮಕ್ಕಳ ಮನಸ್ಸಿನ ಆರೋಗ್ಯ ಮಾಮೂಲಿ ಪಾಠಕ್ಕಿಂತ ಸುಧಾರಿಸಲಿಲ್ಲ.

ಶಾಂತಿನಿಕೇತನದ ಒಂದು ವರ್ಷ

ಮೌನ, ಹಸಿವು, ಅನುಕೂಲ ಈ ಮೂರೂ ಒಂದೇ ಶಾಲೆಯಲ್ಲಿ ಸೇರಿದ ನಿಜವಾದ ಕಥೆ ಒಂದಿದೆ.

ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಬಂಗಾಳದ ಶಾಂತಿನಿಕೇತನದಲ್ಲಿ ಶಾಲೆ ತೆರೆದರು. ಮರದ ಕೆಳಗೆ ಪಾಠ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಮಕ್ಕಳು ಬಯಲಲ್ಲಿ ಸುಮ್ನೆ ಕೂರಬೇಕಿತ್ತು. ಆ ಹೊತ್ತಿನಲ್ಲಿ ದೇವರನ್ನು ನೆನೆಯುತ್ತಿರುವಂತೆ ನಟಿಸಬೇಕಾಗಿರಲಿಲ್ಲ. ಏನು ಯೋಚಿಸಿದಿರಿ ಅಂತ ಯಾರೂ ಕೇಳುತ್ತಿರಲಿಲ್ಲ. ಟ್ಯಾಗೋರರೇ ಇದನ್ನು ಬರೆದಿದ್ದಾರೆ.

1943ರಲ್ಲಿ ಬಂಗಾಳಕ್ಕೆ ಕ್ಷಾಮ ಬಂತು. ಟ್ಯಾಗೋರರು ತೀರಿಕೊಂಡು ಎರಡು ವರ್ಷವಾಗಿತ್ತು. ಆ ಶಾಲೆಯಲ್ಲಿ ಓದುತ್ತಿದ್ದ ಅಮರ್ತ್ಯ ಸೇನ್‌ಗೆ ಆಗ ಒಂಬತ್ತು ವರ್ಷ. ಹಸಿವಿನಿಂದ ಬುದ್ಧಿ ಕೆಟ್ಟಂತಾಗಿದ್ದ ಒಬ್ಬ ಮನುಷ್ಯ ಶಾಲೆಯ ಆವರಣಕ್ಕೆ ಬಂದ. ಕೆಲವು ಹುಡುಗರು ಅವನನ್ನು ಹುಚ್ಚನೆಂದು ಕಾಡಿಸಿದರು. ಎಷ್ಟೋ ದಿನದಿಂದ ಅವನು ಊಟವನ್ನೇ ಕಂಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವನ ಹಿಂದೆ ನೂರಾರು, ಸಾವಿರಾರು ಜನ ಬಂದರು. ಮನೆಗೆ ಬಂದವರಿಗೆ ಒಂದೊಂದು ಸಿಗರೇಟ್ ಡಬ್ಬಿ ಅಕ್ಕಿ ಕೊಡಲು ಅಜ್ಜ ಆ ಹುಡುಗನಿಗೆ ಅಪ್ಪಣೆ ಕೊಟ್ಟಿದ್ದರು.

ಆ ವರ್ಷದ ಬಗ್ಗೆ ಸೇನ್ ಮುಂದೆ ಬರೆದ ಒಂದು ಮಾತು ನನ್ನನ್ನು ಬಿಡುವುದಿಲ್ಲ. ಇಡೀ ಕ್ಷಾಮದಲ್ಲಿ ಅವರ ಶಾಲೆಯಲ್ಲಾಗಲಿ, ಗೆಳೆಯರಲ್ಲಾಗಲಿ, ನೆಂಟರಲ್ಲಾಗಲಿ ಒಂದು ಮನೆಗೂ ಚೂರೂ ತೊಂದರೆ ಆಗಿದ್ದು ಅವರು ಕಾಣಲಿಲ್ಲ. 20ರಿಂದ 30 ಲಕ್ಷ ಜನ ಸತ್ತರು. ಸತ್ತವರಲ್ಲಿ ಹೊಲದ ಕೂಲಿಗಳು, ಮೀನುಗಾರರು, ಹಳ್ಳಿಯ ಕಸುಬುದಾರರೇ ಹೆಚ್ಚು.

ಸುಮಾರು ನಲವತ್ತು ವರ್ಷದ ಮೇಲೆ, 1981ರಲ್ಲಿ, ಸೇನ್ ಆ ಕ್ಷಾಮದ ಲೆಕ್ಕ ಬಿಚ್ಚಿಟ್ಟರು. ಬಂಗಾಳದಲ್ಲಿ 1943ರಲ್ಲಿ ಇದ್ದ ಅಕ್ಕಿ 1941ರಲ್ಲಿ ಇದ್ದದ್ದಕ್ಕಿಂತ ಕಡಿಮೆ ಇರಲಿಲ್ಲ. 1941ರಲ್ಲಿ ಕ್ಷಾಮ ಬಂದಿರಲಿಲ್ಲ. ಯುದ್ಧದ ಖರ್ಚಿನಿಂದ ಅಕ್ಕಿಯ ಬೆಲೆ ಹಾರಿತು, ಕಲ್ಕತ್ತೆಯ ಜನರಿಗೆ ಸರ್ಕಾರ ಅಗ್ಗದ ಅಕ್ಕಿ ಕೊಟ್ಟಿತು, ಹಳ್ಳಿಯ ಕೂಲಿ ಮಾತ್ರ ಏರಲಿಲ್ಲ. ಅಕ್ಕಿ ಕಣ್ಣೆದುರಿಗೇ ಇದ್ದರೂ ಕೊಳ್ಳುವ ಶಕ್ತಿ ಇರಲಿಲ್ಲ. ಹಸಿವು ಅಂದರೆ ಅನ್ನ ಇಲ್ಲದಿರುವುದಲ್ಲ, ಇರುವ ಅನ್ನ ಕೆಲವರ ಕೈಗೆ ಎಟುಕದಿರುವುದು ಅಂತ ಅವರು ತೋರಿಸಿಕೊಟ್ಟರು.

ದಿನಕ್ಕೆ ಅರ್ಧ ಗಂಟೆ ಮೌನವಾಗಿ ಕೂತ ಮಾತ್ರಕ್ಕೆ ಆ ಹುಡುಗರು ಹಸಿದವನನ್ನು ಕಾಡಿಸದೆ ಬಿಡಲಿಲ್ಲ. ಇದನ್ನು ನಾನು ಮರೆಯಬಾರದು. ಆದರೆ 'ನಮ್ಮ ಮನೆಗೆ ಯಾಕೆ ಏನೂ ಆಗಲಿಲ್ಲ' ಅಂತ ಆ ಒಂಬತ್ತು ವರ್ಷದವನು ಗಮನಿಸಿದ್ದು ದೊಡ್ಡದು. ಹಸಿದವರ ಸಂಕಟ ಎಲ್ಲರ ಕಣ್ಣಿಗೂ ಬಿತ್ತು. ತನ್ನ ಸುತ್ತಲಿನ ನಿಶ್ಚಿಂತೆ ಕಣ್ಣಿಗೆ ಬೀಳುವುದು ಕಷ್ಟ. ಗಮನದ ಅಭ್ಯಾಸಕ್ಕೆ ಕೆಲಸ ಇರುವುದು ಇಲ್ಲಿ. ಅದು ಇನ್ನೊಬ್ಬರ ಹಸಿವನ್ನು ನಮಗೆ ಕೊಡಲಾರದು. ನಮ್ಮ ತುಂಬಿದ ಹೊಟ್ಟೆಯನ್ನು ನಮಗೆ ತೋರಿಸಬಹುದು.

ಅನುಕೂಲಸ್ಥರು

ಇತ್ತೀಚೆಗೆ 'ಪ್ರಿವಿಲೇಜ್' ಅನ್ನುವ ಮಾತು ಎಲ್ಲೆಡೆ ಕೇಳುತ್ತದೆ. ಕನ್ನಡಕ್ಕೆ ಅದನ್ನು 'ಸವಲತ್ತು' ಅಂತ ತಂದರೆ ಸರ್ಕಾರ ಕೊಡುವ ಯಾವುದೋ ಯೋಜನೆಯ ಹಾಗೆ ಕೇಳುತ್ತದೆ. ಊರ ಕಡೆ ಒಂದು ಒಳ್ಳೆ ಮಾತಿದೆ: ಅನುಕೂಲಸ್ಥರು. "ಅವರೇನು ಬಿಡಿ, ಅನುಕೂಲಸ್ಥರು." ದೊಡ್ಡ ಶ್ರೀಮಂತರು ಅಂತೇನೂ ಅಲ್ಲ. ಕಾಲ ಅವರಿಗೆ ಅಡ್ಡ ಬರುವುದಿಲ್ಲ, ಅಷ್ಟೆ.

ಅಮೆರಿಕದ ಪೆಗ್ಗಿ ಮೆಕಿಂಟಾಷ್ 1988ರಲ್ಲಿ ತಾವು ಬಿಳಿಯರಾಗಿರುವುದರಿಂದ ಕೇಳದೆಯೇ ಸಿಗುವ ಅನುಕೂಲಗಳನ್ನು ಒಂದೊಂದಾಗಿ ಬರೆದು 46ರ ಪಟ್ಟಿ ಮಾಡಿದರು. ಊಟದ ಬಗ್ಗೆ ನನ್ನದೇ ಪಟ್ಟಿ ಬರೆಯಲು ಕೂತಾಗ ಕೈ ನಿಲ್ಲಲಿಲ್ಲ. ಫ್ರಿಜ್ಜಿನಲ್ಲಿ ನಾಳೆಯ ದೋಸೆ ಹಿಟ್ಟು ಇದೆ. 'ಇದು ನನಗೆ ಸೇರಲ್ಲ' ಅಂತ ಹೇಳಿದರೆ ಬೇರೇನಾದರೂ ಸಿಗುತ್ತದೆ. ತೂಕ ಇಳಿಸಲು ಅಂತ ರಾತ್ರಿ ಊಟ ಬಿಡಬಹುದು. ನಾನು ಹಸಿದಿದ್ದರೆ ಜನ ಪಾಪ ಅನ್ನುತ್ತಾರೆ, ಸೋಮಾರಿ ಅನ್ನುವುದಿಲ್ಲ. ನಾನು ಅಡುಗೆ ಮಾಡಿದರೆ ಯಾರೂ ನನ್ನ ಜಾತಿ ಕೇಳಿ ತಟ್ಟೆ ಬಿಟ್ಟು ಏಳುವುದಿಲ್ಲ.

ಕೊನೆಯದು ಬರೆದಾಗ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ಹೊರದೇಶದಿಂದ ಬಂದ ಅಭ್ಯಾಸಗಳನ್ನು ಹಾಗೇ ತಂದರೆ ನಮ್ಮ ಕಥೆ ಅದರಲ್ಲಿ ಇರುವುದಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ಆಕ್ಸ್‌ಫ್ಯಾಮ್ ಅಮೆರಿಕ ಸಂಸ್ಥೆ ಹಸಿವಿನ ಔತಣ ಅನ್ನುವ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಬಂದವರು ಚೀಟಿ ಎತ್ತುತ್ತಾರೆ. ಕೆಲವರಿಗೆ ಮೇಜಿನ ಮೇಲೆ ಪೂರ್ತಿ ಊಟ, ಕೆಲವರಿಗೆ ಕುರ್ಚಿ ಮತ್ತು ಅನ್ನ ಕಾಳು, ಎಲ್ಲಕ್ಕಿಂತ ಹೆಚ್ಚು ಜನರಿಗೆ ನೆಲದ ಮೇಲೆ ಸ್ವಲ್ಪ ಅನ್ನ, ನೀರು. ಒಳ್ಳೆಯ ಉದ್ದೇಶವೇ. ಆದರೆ ನಮ್ಮಲ್ಲಿ ನೆಲದ ಮೇಲೆ ಕೂತು ಅನ್ನ ಉಣ್ಣುವುದು ಬಡತನದ ಗುರುತಲ್ಲ, ಮದುವೆ ಮನೆಯ ಪಂಕ್ತಿ ಅದು. ನಮ್ಮಲ್ಲಿ ಕೇಳಬೇಕಾದದ್ದು ಬೇರೆ. ಆ ಪಂಕ್ತಿಯಲ್ಲಿ ಯಾರು ಮೊದಲು ಕೂತರು, ಯಾರು ಆಮೇಲೆ, ಯಾರನ್ನು ಹೊರಗೆ ಕೂರಿಸಿದರು, ಎಲೆ ಎತ್ತಿದವರು ಯಾರು?

ಸುಪ್ರೀಂ ಕೋರ್ಟಿಗೂ ಇದು ಗೊತ್ತಿತ್ತು. 2001ರಲ್ಲಿ ದೇಶದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು, ರಾಜಸ್ಥಾನದ ಬರದಲ್ಲಿ ಜನ ಹಸಿದಿದ್ದರು. ಆಗ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಅರ್ಜಿಯ ಮೇಲೆ ಅದೇ ವರ್ಷ ನವೆಂಬರ್ 28ರಂದು ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶ ಮಾಡಿತು. ಕರ್ನಾಟಕದ ಅಕ್ಷರ ದಾಸೋಹ ಮರುವರ್ಷ ಉತ್ತರದ ಜಿಲ್ಲೆಗಳಿಂದ ಶುರುವಾಯಿತು. 2004ರ ಇನ್ನೊಂದು ಆದೇಶದಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದಿತು. ಬಿಸಿಯೂಟದ ತಟ್ಟೆಯಲ್ಲಿ ಪ್ರಾಥಮಿಕ ಮಕ್ಕಳಿಗೆ 450 ಕ್ಯಾಲೊರಿ, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲೊರಿ ಇರಬೇಕು ಅನ್ನುವುದು ನಿಯಮ. ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಕೂತು, ದಲಿತ ಹೆಣ್ಣುಮಗಳೊಬ್ಬಳು ಬೇಯಿಸಿದ್ದನ್ನು ಉಣ್ಣುವುದು ಆ ಕ್ಯಾಲೊರಿಯ ಜೊತೆಗೇ ಬಡಿಸಿದ ಪಾಠ. ಅದಕ್ಕೆ ಕೆಲವು ಊರುಗಳಲ್ಲಿ ಇವತ್ತಿಗೂ ವಿರೋಧ ಬರುತ್ತದೆ.

ಅನುಕೂಲ ಮನೆಯೊಳಗೂ ಇರುತ್ತದೆ. ನನ್ನ ತರಗತಿಯಲ್ಲಿ ಹೆಚ್ಚು ಹೊತ್ತು ಮೌನ ಉಳಿಯುವುದು ಒಂದು ಪ್ರಶ್ನೆಗೆ: ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಸಾರು ಕಡಿಮೆ ಬಿದ್ದ ದಿನ ಅವರು ಏನು ಉಂಡರು? ಬಡವರ ಮನೆಯ ಹುಡುಗನೂ, ಅನುಕೂಲಸ್ಥರ ಮನೆಯ ಹುಡುಗನೂ ಇಲ್ಲಿ ಒಂದೇ ಕಡೆ ನಿಲ್ಲುತ್ತಾರೆ. ಅಮ್ಮ ತಟ್ಟೆ ಹಾಕಿಕೊಂಡದ್ದನ್ನು ನೋಡಿದ ನೆನಪೇ ಇಲ್ಲ ಅಂತ ಎಷ್ಟೋ ಹುಡುಗರಿಗೆ ಆಗ ಹೊಳೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಈ ಅಂಕಿಗಳನ್ನು ನಾನು ಮೊದಲು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಈಗ ಆ ಮೌನ ಆದ ಮೇಲೆ ಬರೆಯುತ್ತೇನೆ. ಆಗ ಅಂಕಿಯೊಳಗೆ ತಮ್ಮ ಅಮ್ಮ ಕಾಣುತ್ತಾಳೆ.

ಮಾಡುವಾಗ ಜೋಪಾನ

ಇದನ್ನು ಮಾಡಬೇಕೆನ್ನುವ ಮೇಷ್ಟ್ರುಗಳಿಗೆ ನಾನು ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ.

ಊಟದ ಮೇಲೆ ಮಾಡಿ, ಊಟಕ್ಕೆ ಮುಂಚೆ ಬೇಡ. ಉಪವಾಸ ಮಾಡಿಸಬೇಡಿ. ತರಗತಿಯಲ್ಲಿ ಆಗಲೇ ಹಸಿದವರು ಇರುತ್ತಾರೆ, ಸಕ್ಕರೆ ಕಾಯಿಲೆಯವರು ಇರಬಹುದು, ಊಟದ ಜೊತೆಗೇ ಜಗಳವಾಡುತ್ತಿರುವ ಹೆಣ್ಣುಮಕ್ಕಳು ಇರಬಹುದು. ಕಡಲೆಕಾಯಿ ಕೆಲವರ ಮೈಗೆ ಆಗುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಕಣ್ಣು ಮುಚ್ಚಲೇಬೇಕು ಅನ್ನಬೇಡಿ. ಮನೆಯಲ್ಲಿ ಹಿಂಸೆ ಕಂಡ ಮಗುವಿಗೆ ಕಣ್ಣು ಮುಚ್ಚಿ ಸುಮ್ನೆ ಕೂರುವುದೇ ಭಯ ತರಬಹುದು. ಕಿಟಕಿಯ ಹೊರಗೆ ನೋಡುತ್ತಾ ಕೂತರೂ ನಡೆಯುತ್ತದೆ.

ಇನ್ನು ಪ್ರಿವಿಲೇಜ್ ನಡಿಗೆ. 'ನಿಮ್ಮ ಮನೆಯಲ್ಲಿ ಯಾವತ್ತೂ ಊಟಕ್ಕೆ ಕೊರತೆ ಆಗಿರದಿದ್ದರೆ ಒಂದು ಹೆಜ್ಜೆ ಮುಂದೆ ಬನ್ನಿ' ಅಂತ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಈ ಆಟ ತರಬೇತಿಗಳಲ್ಲಿ ಬಹಳ ನಡೆಯುತ್ತದೆ. ನಾನು ಇದನ್ನು ಮಾಡಿಸುವುದಿಲ್ಲ. ಮುಂದೆ ಹೋದವರಿಗೆ ಪಾಠ ಆಗುತ್ತದೆ, ನಿಜ. ಆದರೆ ಹಿಂದೆ ಉಳಿದ ಮಗು ಎಲ್ಲರ ಕಣ್ಣೆದುರು ಆ ಪಾಠದ ಸಾಮಾನಾಗಿ ನಿಂತಿರುತ್ತದೆ. ಅದಕ್ಕೆ ಗೊತ್ತಿಲ್ಲದ ಹೊಸ ವಿಷಯ ಯಾವುದೂ ಅಲ್ಲಿ ಇರುವುದಿಲ್ಲ. ಮೊದಲನೇ ಬಸ್ಸಿಗೆ ಬರುತ್ತಿದ್ದ ಆ ಹಾಳೆಯ ಮಗುವಿಗೆ ಆದದ್ದೂ ಇದೇ.

ಟ್ಯಾಗೋರರ ಪದ್ಧತಿಯಲ್ಲಿ ನಾನು ಇಟ್ಟುಕೊಂಡಿರುವುದು ಇದನ್ನು: ಏನು ಯೋಚಿಸಿದಿರಿ ಅಂತ ಕೇಳದಿರುವುದು. ಮಕ್ಕಳು ಬರೆದುಕೊಳ್ಳುತ್ತಾರೆ, ಹಾಳೆ ಅವರ ಹತ್ತಿರವೇ ಇರುತ್ತದೆ. ನಾನು ಇಸಿದುಕೊಳ್ಳುವುದಿಲ್ಲ, ಅಂಕ ಕೊಡುವುದಿಲ್ಲ, ಓದಿ ಹೇಳಿ ಅನ್ನುವುದಿಲ್ಲ. ಆಮೇಲೆ ನಡೆಯುವ ಚರ್ಚೆ ಮನೆಯ ಬಗ್ಗೆ ಅಲ್ಲ, ವ್ಯವಸ್ಥೆಯ ಬಗ್ಗೆ. ಕೂಲಿ ಎಷ್ಟು, ಬೇಳೆ ಎಷ್ಟು, ಶಾಲೆಯಲ್ಲಿ ಮೊಟ್ಟೆ ಯಾವ ವರ್ಷ ಬಂತು, ಯಾರು ಬೇಡ ಅಂದರು, ಯಾಕೆ?

ಕಳೆದ ವರ್ಷ ಹೀಗೊಂದು ಚರ್ಚೆಯಲ್ಲಿ ಎರಡನೇ ವರ್ಷದ ಹುಡುಗಿ ಕೇಳಿದಳು. "ಮೇಡಂ, ಹತ್ತನೇ ಕ್ಲಾಸಿನ ತನಕ ನಮಗೆಲ್ಲ ಬಿಸಿಯೂಟ ಇತ್ತು. ಪಿಯುಸಿಗೆ ಬಂದ ತಕ್ಷಣ ನಮಗೆ ಹಸಿವಾಗೋದು ನಿಂತುಹೋಗುತ್ತಾ?" ಯಾರೂ ನಗಲಿಲ್ಲ. ತಮಿಳುನಾಡಿನಲ್ಲಿ 2022ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ತಿಂಡಿಯೂ ಇದೆ ಅಂತ ಇನ್ನೊಬ್ಬ ಹೇಳಿದ. ನಮ್ಮ ಕಾಲೇಜಿಗೆ ಇಲ್ವಲ್ಲ ಅಂತ ಮತ್ತೊಬ್ಬ.

ಆ ವಾರ ಅವರೇ ಸೇರಿ ಒಂದು ಲೆಕ್ಕ ಮಾಡಿದರು. ಹೆಸರು ಬರೆಯದ ಚೀಟಿ. ಮನೆ ಬಿಡುವ ಹೊತ್ತು, ಇವತ್ತು ತಿಂಡಿ ಆಗಿದೆಯೋ ಇಲ್ಲವೋ, ಎರಡೇ ಪ್ರಶ್ನೆ. ರಟ್ಟಿನ ಡಬ್ಬಿ ತುಂಬಿತು. ಲೆಕ್ಕದ ಜೊತೆ ಪತ್ರ ಬರೆದು ಪ್ರಾಂಶುಪಾಲರಿಗೆ ಕೊಟ್ಟರು. ಕ್ಯಾಂಟೀನು ಹತ್ತೂವರೆಗೆ ತೆರೆಯುತ್ತಿತ್ತು. ಈಗ ಎಂಟೂವರೆಗೆ ತೆರೆಯುತ್ತದೆ. ಆ ಹೊತ್ತಿಗೆ ಬರುವವರಿಗೆ ಇಡ್ಲಿಗೆ ಅರ್ಧ ದುಡ್ಡು, ಉಳಿದರ್ಧ ಮೇಷ್ಟ್ರುಗಳ ಚಂದಾ. ಯಾರಿಗೆ ಅರ್ಧ ದರ ಅಂತ ಯಾರನ್ನೂ ಕೇಳುವ ಹಾಗಿಲ್ಲ, ಒಂಬತ್ತಕ್ಕೆ ಮುಂಚೆ ಬಂದವರಿಗೆಲ್ಲ ಅಷ್ಟೇ. ಆ ನಿಯಮವನ್ನು ಮಕ್ಕಳೇ ಹಾಕಿದರು.